ಅವಳಿ ಉಸಿರಿನ ಶ್ರುತಿ

1962ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಬಿ ಕಾರಿನ ಬಾನೆಟ್ ಎತ್ತಿದರೆ, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಎಸ್‌ಯು ಕಾರ್ಬ್ಯುರೇಟರುಗಳು ಅವಳಿ ಮಕ್ಕಳಂತೆ ಅಕ್ಕಪಕ್ಕ ಕೂತಿರುತ್ತವೆ. ಅವೆರಡನ್ನೂ ಒಂದೇ ಶ್ರುತಿಗೆ ತರುವ ಮೆಕ್ಯಾನಿಕ್‌ನ ಕಿವಿಗೆ ನನ್ನ ನಮಸ್ಕಾರ.

ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರಿನ ಬಾಯಿಗೆ. ಗಾಳಿ ಒಳಸೇರುವ ‘ಸ್ಸ್’ ಎರಡರಲ್ಲೂ ಸಮನಾಗುವವರೆಗೆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ. ಆಮೇಲೆ ಕಾರ್ಬ್ಯುರೇಟರಿನ ಒಳಗಿನ ಪಿಸ್ಟನ್ನನ್ನು ಚೂರೇ ಎತ್ತುತ್ತಾನೆ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ, ತುಸು ಏರಿ ತಾನಾಗಿ ಇಳಿದರೆ ಹದ. ಆ ಹದಕ್ಕಾಗಿ, ಪೆಟ್ರೋಲ್ ಬಿಡುವ ಜೆಟ್ಟಿನ ಆರು ಮುಖದ ನಟ್ಟನ್ನು ಒಮ್ಮೆಗೆ ಒಂದೇ ಮುಖ ತಿರುಗಿಸುವ ಆ ತಾಳ್ಮೆ!

ಕೊನೆಗೆ 1798 ಸಿಸಿ ಎಂಜಿನ್ ಶ್ರುತಿಗೂಡಿದ ತಂಬೂರಿಯಂತೆ ಗುನುಗುತ್ತದೆ. ಬಿಸಿ ಎಣ್ಣೆಯ ವಾಸನೆಯ ನಡುವೆ ನಿಂತು ಅದನ್ನು ಕೇಳುವುದೇ ಸುಖ.