ಒಂದು ಗೇಣು ಹಡಗು: ಮುಳುಗುವ ರಸಿಕರಿಗೊಂದು ಕೈಪಿಡಿ

ನೀರಿನಡಿಯಲ್ಲಿ ಹೆಬ್ಬೆರಳೆತ್ತಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸ್ಕೂಬಾದವರ ಸನ್ನೆಭಾಷೆಯಲ್ಲಿ ಎತ್ತಿದ ಹೆಬ್ಬೆರಳಿಗೆ ‘ಚೆನ್ನಾಗಿದೆ’ ಎಂಬ ಅರ್ಥವಿಲ್ಲ. ‘ಮೇಲೆ ಹೋಗೋಣ’ ಎಂದರ್ಥ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೋಣಿಯಲ್ಲಿ ಹೋಗಿ, ನೇತ್ರಾಣಿ ದ್ವೀಪದ ಬಂಡೆಯ ಬುಡಕ್ಕಿಳಿದು, ಇಳಿದ ಮೂರನೆಯ ನಿಮಿಷಕ್ಕೇ ಕ್ಯಾಮೆರಾದ ಮುಂದೆ ‘ಮೇಲೆ ಹೋಗೋಣ’ ಎಂದು ಸಾರುತ್ತಾರೆ. ಅವರಿಗೆ ಅಲ್ಲಿ ನೋಡುವುದೇನೂ ಇಲ್ಲ. ಹಾಗಿದ್ದ ಮೇಲೆ ಆ ಬೆರಳು ನಿಜವನ್ನೇ ಹೇಳುತ್ತದೆ.

ಬಂಟ್ವಾಳದ ನಮ್ಮ ಮನೆಗೆ ಮೂಡುಬಿದಿರೆಯ ಕಾಲೇಜು ಹುಡುಗರು, ಬೆಳ್ತಂಗಡಿಯ ನೆಂಟರ ಮಕ್ಕಳು ಬರುತ್ತಾರೆ. ಗಲ್ಫಿನಲ್ಲಿ ದುಡಿಯುತ್ತಿದ್ದಾಗ ನಾನು ಸ್ಕೂಬಾ ಕಲಿತದ್ದು ಅವರಿಗೆ ಗೊತ್ತು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಮುಳುಗಿದ ಹಡಗು ನೋಡ್ಬೇಕು, ಎಲ್ಲಿಗೆ ಹೋಗುವುದು?” ಎಲ್ಲಿಗೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಹೇಗೆ ನೋಡುವುದು ಎಂದು ಒಬ್ಬರೂ ಕೇಳಿದ್ದಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಾಸ್ಕಿನ ನೀರು ಹೊರಹಾಕುವುದು, ಕಿವಿಯ ಒತ್ತಡ ಬಿಡಿಸಿಕೊಳ್ಳುವುದು, ಸಿಲಿಂಡರಿನ ಮುಳ್ಳು ಓದುವುದು ಇವೆಲ್ಲ ತರಬೇತಿಯಲ್ಲಿ ಬರುತ್ತವೆ, ನಾನು ಹೇಳುವುದಿಲ್ಲ. ನಮ್ಮೂರ ಮಕ್ಕಳಿಗೆ ಮಾತ್ರ ಒಂದು ಮಾತು. ನೇತ್ರಾವತಿ ನದಿಯ ಕಯಗಳಲ್ಲಿ, ಅಂದರೆ ಆಳದ ಮಡುಗಳಲ್ಲಿ, ಈಜು ಕಲಿತ ನಮಗೆ ದಮ್ಮು ಕಟ್ಟುವುದೇ ದೊಡ್ಡಸ್ತಿಕೆ. ಸ್ಕೂಬಾದಲ್ಲಿ ದಮ್ಮು ಕಟ್ಟಲೇಬಾರದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದರ ಎರಡರಷ್ಟು. ಅಲ್ಲಿ ಎಳೆದ ಉಸಿರನ್ನು ಕಟ್ಟಿಕೊಂಡು ಮೇಲೆ ಬಂದರೆ ಗಾಳಿ ಇಮ್ಮಡಿಯಾಗಿ ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ಕಯದಲ್ಲಿ ಗೆದ್ದವನು ಕಡಲಿನಲ್ಲಿ ಆ ಗೆಲುವನ್ನು ಮರೆಯಬೇಕು.

ಇನ್ನು, “ಮುಳುಗಿಸಿದ ಹಡಗಿನಲ್ಲಿ ಏನಿದೆ, ತಾನಾಗಿ ಮುಳುಗಿದ್ದೇ ನಿಜವಾದದ್ದು” ಎನ್ನುವವರ ವಿಷಯ. ಇವರಿಗೆ ಅವಘಡದ ರುಚಿ, ಹಡಗಿನ ರುಚಿಯಲ್ಲ. ತಾನಾಗಿ ಮುಳುಗಿದ್ದಕ್ಕೆ ನಮ್ಮ ಕಡಲಿನಲ್ಲಿ ಬರವಿಲ್ಲ. 2009ರಲ್ಲಿ ಕಬ್ಬಿಣದ ಅದಿರು ಹೊತ್ತ ‘ಏಷ್ಯನ್ ಫಾರೆಸ್ಟ್’ ಮಂಗಳೂರಿನ ಹೊರಗೆ ಮುಳುಗಿತು. 2022ರ ಜೂನ್‌ನಲ್ಲಿ ಚೀನಾದಿಂದ ಲೆಬನಾನಿಗೆ ಹೊರಟಿದ್ದ ‘ಪ್ರಿನ್ಸೆಸ್ ಮಿರಾಲ್’ ಸುಮಾರು 8,000 ಟನ್ ಉಕ್ಕಿನ ಸುರುಳಿಗಳ ಸಮೇತ ಉಳ್ಳಾಲದ ಬಳಿ ತಳ ಹಿಡಿಯಿತು. ಅದರಲ್ಲಿದ್ದ 15 ಮಂದಿ ಸಿರಿಯನ್ನರನ್ನು ಕರಾವಳಿ ಕಾವಲು ಪಡೆ ಉಳಿಸಿತು. ಇಂಥ ಹಡಗಿನ ಹೊಟ್ಟೆಯಲ್ಲಿ ಎಣ್ಣೆ ಇರುತ್ತದೆ, ಅರೆತೆರೆದ ಬಾಗಿಲು, ಜೋತುಬಿದ್ದ ತಂತಿ, ಸಿಕ್ಕಿಕೊಂಡ ಬಲೆ ಇರುತ್ತವೆ. ಹೊಸಬರು ಹತ್ತಿರ ಹೋಗುವ ಜಾಗವಲ್ಲ.

ಹೋದರೂ ಕಾಣುವುದಿಲ್ಲ. ಕಾರಣ ನಾವೇ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಜರಿದಾಗ ಆ ಮಣ್ಣೆಲ್ಲ ಎಲ್ಲಿಗೆ ಹೋಯಿತು? ಬೆಳ್ತಂಗಡಿಯ ತೋಟಗಳ ಮೇಲೆ ಉಳಿದದ್ದು ಸ್ವಲ್ಪ. ಮಿಕ್ಕದ್ದು ನೇತ್ರಾವತಿಗೆ ಬಂದು, ಬಂಟ್ವಾಳ ದಾಟಿ, ಉಳ್ಳಾಲದ ಅಳಿವೆಯಲ್ಲಿ ಕಡಲು ಸೇರಿತು. ಪ್ರತಿ ಮಳೆಗಾಲದಲ್ಲೂ ನಮ್ಮ ಸೇತುವೆಯಡಿ ಕೆಂಪಗೆ ಹರಿಯುವ ನೀರೇ ಮಂಗಳೂರಿನ ಕಡಲಿಗೆ ಪರದೆ ಕಟ್ಟುತ್ತದೆ. ಅದಕ್ಕೇ ದೊಡ್ಡ ನದಿಯ ಬಾಯಿಂದ ದೂರ, ಕಡಲಿನ ನಡುವೆ ನಿಂತ ನೇತ್ರಾಣಿಗೆ ಹೋಗಬೇಕಾಗುತ್ತದೆ. ಅದೂ ಮಳೆ ಮುಗಿದು ನೀರು ತಿಳಿಯಾದ ಮೇಲೆ, ಅಕ್ಟೋಬರಿನಿಂದ ಮೇವರೆಗೆ.

ಬೇಕೆಂದೇ ಮುಳುಗಿಸುವುದು ಒಂದು ಕಸುಬು. ಎಣ್ಣೆಯ ಹನಿಯೂ ಉಳಿಯದಂತೆ ತೊಳೆಯಬೇಕು, ತಂತಿ, ಗಾಜು, ಸಡಿಲ ವಸ್ತುಗಳನ್ನು ಕಿತ್ತು ತೆಗೆಯಬೇಕು, ಬಾಗಿಲು ಕಳಚಬೇಕು, ಒಳಹೊಕ್ಕವನಿಗೆ ಬೆಳಕೂ ಹೊರದಾರಿಯೂ ಕಾಣುವಂತೆ ಪಕ್ಕೆಗಳನ್ನು ಕೊರೆಯಬೇಕು, ನೆಟ್ಟಗೆ ಕೂರುವಂತೆ ಲೆಕ್ಕ ಹಾಕಿ ನೀರು ತುಂಬಬೇಕು. ಇಷ್ಟಾದರೂ ಕೊನೆಯ ಮಾತು ಕಡಲಿನದ್ದೇ. 2002ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ‘ಸ್ಪೀಗಲ್ ಗ್ರೋವ್’ ಎಂಬ ನೌಕಾಪಡೆಯ ಹಡಗನ್ನು ಮುಳುಗಿಸಹೊರಟರೆ ಅದು ವೇಳೆಗೆ ಮೊದಲೇ ಮಗುಚಿ ತಲೆಕೆಳಗಾಯಿತು. ಸರಿಪಡಿಸಹೊರಟವರಿಗೆ ಅದನ್ನು ಪಕ್ಕಕ್ಕೆ ಹೊರಳಿಸಲಷ್ಟೇ ಸಾಧ್ಯವಾಯಿತು. ಮೂರು ವರ್ಷದ ಮೇಲೆ ಬಂದ ಚಂಡಮಾರುತವೊಂದು ಆ ಹಡಗನ್ನು ಎತ್ತಿ ನೆಟ್ಟಗೆ ಕೂರಿಸಿತು. ಮನುಷ್ಯ ಆರಂಭಿಸಿ ಕಡಲು ಮುಂದುವರಿಸುವ ಇಂಥ ಕೆಲಸವನ್ನು ‘ನಕಲಿ’ ಎಂದು ತಳ್ಳಿಹಾಕುವವರ ಜೊತೆ ನನಗೆ ಮಾತು ಬೇಡ.

ನನ್ನ ಕಣ್ಣು ತೆರೆಸಿದ್ದು ಜೋರ್ಡಾನಿನ ಅಕಾಬಾದಲ್ಲಿರುವ ‘ಸೀಡರ್ ಪ್ರೈಡ್’. ಸುಮಾರು 74 ಮೀಟರ್ ಉದ್ದದ ಸರಕು ಹಡಗು. 1982ರಲ್ಲಿ ಬಂದರಿನಲ್ಲಿ ನಿಂತಿದ್ದಾಗ ಬೆಂಕಿ ಬಿದ್ದು ಸುಟ್ಟಿತು. ಮೂರು ವರ್ಷ ಯಾರಿಗೂ ಬೇಡವಾಗಿ ತೇಲುತ್ತಿದ್ದದ್ದನ್ನು 1985ರ ನವೆಂಬರಿನಲ್ಲಿ ದಡಕ್ಕೆ ಸಮೀಪವೇ ಮುಳುಗಿಸಿದರು. ಆಗ ರಾಜಕುಮಾರನಾಗಿದ್ದ, ಈಗಿನ ದೊರೆ ಅಬ್ದುಲ್ಲಾ ಸ್ವತಃ ಸ್ಕೂಬಾದ ಆಸಕ್ತ. ಹಡಗು ಅಲ್ಲಿ ನೆಲೆಯಾದದ್ದರಲ್ಲಿ ಅವರ ಒತ್ತಾಸೆಯಿತ್ತು. ಎರಡು ಹವಳದ ದಿಬ್ಬಗಳ ಮೇಲೆ ಎಡಮಗ್ಗುಲಾಗಿ ಮಲಗಿದೆ. ಮೇಲಿನ ಮಗ್ಗುಲು ಹತ್ತು ಮೀಟರಿನ ಆಸುಪಾಸಿನಲ್ಲೇ ಸಿಗುವುದರಿಂದ ಹೊಸಬರಿಗೂ ಎಟಕುತ್ತದೆ.

ಈದ್ ರಜೆಯಲ್ಲಿ ಸಹೋದ್ಯೋಗಿಯೊಬ್ಬನ ಜೊತೆ ಹೋಗಿದ್ದೆ. ಮೊದಲ ದಿನ ಮೂತಿಯಿಂದ ಹಿಂಭಾಗದವರೆಗೆ ಒಂದೇ ಸಮನೆ ಈಜಿ, ಸುತ್ತು ಹಾಕಿ, ಮೇಲೆ ಬಂದು “ಇಡೀ ಹಡಗು ನೋಡಿದೆ” ಎಂದೆ. ಅಲ್ಲಿನ ವಯಸ್ಸಾದ ಗೈಡ್ ಕೇಳಿದ್ದು ಒಂದೇ: “ಹಬೀಬಿ, ಪಟಸ್ತಂಭದ ತುದಿಯ ಬುಟ್ಟಿಯಲ್ಲಿ ಏನಿತ್ತು?” ನಾನು ಅಂಥ ಬುಟ್ಟಿಯನ್ನೇ ಕಂಡಿರಲಿಲ್ಲ. ಮರುದಿನ ಆತ ನನ್ನನ್ನು ಮಲಗಿದ ಪಟಸ್ತಂಭದ ಉದ್ದಕ್ಕೆ ನೇರ ಅಲ್ಲಿಗೆ ಕರೆದೊಯ್ದು, ಎದುರಿಗೆ ನಿಲ್ಲಿಸಿ, ಅಂಗೈ ಅಡ್ಡ ಹಿಡಿದು ‘ಇಲ್ಲೇ’ ಎಂದ. ಇಪ್ಪತ್ತು ನಿಮಿಷ ಅಲ್ಲಿಂದ ಕದಲಗೊಡಲಿಲ್ಲ. ಕಾವಲುಗಾರ ನಿಂತು ದಿಗಂತ ನೋಡಬೇಕಾಗಿದ್ದ ಬುಟ್ಟಿಯಲ್ಲಿ ಮೃದು ಹವಳಗಳು ಹೂಬುಟ್ಟಿಯ ಹಾಗೆ ತುಂಬಿ ತುಳುಕುತ್ತಿದ್ದವು. ಆತ ಟಾರ್ಚ್ ಹಾಕಿದ. ಬೂದು ಬಣ್ಣದ್ದೆಲ್ಲ ಒಮ್ಮೆಲೇ ಕುಂಕುಮವಾಯಿತು. ಮೊದಲ ದಿನ ನಾನು ಹಡಗಿನ ಉದ್ದ ನೋಡಿದ್ದೆ, ಅಷ್ಟೆ.

ಅಂದಿನಿಂದ ನನ್ನದು ಒಂದೇ ಪಾಠ. ಇಡೀ ಹಡಗನ್ನು ಬಿಡಿ, ಒಂದು ಗೇಣು ನೋಡಿ.

ಒಂದು ಗೇಣು ನೋಡಬೇಕಾದರೆ ನಿಲ್ಲಲು ಬರಬೇಕು. ನೀರಿನಲ್ಲಿ ನಿಲ್ಲುವುದೆಂದರೆ ತೇಲದೆ, ಮುಳುಗದೆ, ಏನನ್ನೂ ಹಿಡಿಯದೆ ಇದ್ದಲ್ಲೇ ಇರುವುದು. ಹೊಸಬರು ಮೊದಲು ಮಾಡುವ ತಪ್ಪು ಸೊಂಟಕ್ಕೆ ಸೀಸ ಹೆಚ್ಚು ಕಟ್ಟಿಕೊಳ್ಳುವುದು. ಸೀಸ ಹೆಚ್ಚಾದಷ್ಟೂ ಜಾಕೆಟ್ಟಿಗೆ ಗಾಳಿ ಹೆಚ್ಚು ತುಂಬಬೇಕು. ಆ ಗಾಳಿ ಒಂದಿಷ್ಟು ಏರಿದರೆ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಮನುಷ್ಯ ಬಾವಿಯ ಕೊಡದ ಹಾಗೆ ಮೇಲೆ ಕೆಳಗೆ ಆಡುತ್ತಾನೆ. ನದಿಯಲ್ಲಿ ಹಾಕಿದ ಲೆಕ್ಕ ಕಡಲಿಗೆ ನಡೆಯದು: ಉಪ್ಪುನೀರು ಹೆಚ್ಚು ಎತ್ತುತ್ತದೆ, ಕೆಂಪು ಸಮುದ್ರ ಇನ್ನೂ ಉಪ್ಪು. ಆದ್ದರಿಂದ ಹೋದಲ್ಲೆಲ್ಲ ಮೊದಲ ದಿನ ಸೀಸವನ್ನು ತೂಗಿ ನೋಡಿಯೇ ಇಳಿಯಬೇಕು.

ಸೀಸ ಸರಿಯಾದ ಮೇಲೆ ಉಳಿದದ್ದು ಉಸಿರು. ಎಳೆದರೆ ಏರುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಆದರೆ ತಕ್ಷಣವಲ್ಲ, ಎರಡು ಮೂರು ಕ್ಷಣ ತಡವಾಗಿ. ಈ ತಡವನ್ನು ಅರಿಯದವನು ಏರತೊಡಗಿದ ಮೇಲೆ ಗಾಬರಿಯಿಂದ ಉಸಿರು ಬಿಡುತ್ತಾನೆ, ಇಳಿಯತೊಡಗಿದ ಮೇಲೆ ಎಳೆಯುತ್ತಾನೆ. ಅರಿತವನು ಏರುವ ಮೊದಲೇ ಬಿಡುತ್ತಾನೆ. ಯಕ್ಷಗಾನದಲ್ಲಿ ಚೆಂಡೆಯವನು ವೇಷದ ಹೆಜ್ಜೆ ಬಿದ್ದ ಮೇಲೆ ಪೆಟ್ಟು ಹಾಕುವುದಿಲ್ಲ. ಹೆಜ್ಜೆ ಎಲ್ಲಿ ಬೀಳುತ್ತದೆಂದು ಅವನಿಗೆ ಮೊದಲೇ ಗೊತ್ತಿರುತ್ತದೆ. ಇದೂ ಹಾಗೆಯೇ. ಕೈಗಳನ್ನು ಎದೆಯ ಮುಂದೆ ಕಟ್ಟಿಕೊಳ್ಳಿ. ಕಾಲನ್ನು ಮೇಲೆ ಕೆಳಗೆ ಬಡಿಯದೆ ಕಪ್ಪೆಯ ಹಾಗೆ ಅಗಲಕ್ಕೆ ಬೀಸಿ. ಬಡಿದರೆ ಹಡಗಿನ ಮೇಲೆ ಕೂತ ಹೂಳು ಎದ್ದು ನಿಮಗೂ ಹಿಂದಿನವರಿಗೂ ಮಬ್ಬು ಕವಿಯುತ್ತದೆ.

ಈಗ ಜಾಗ ಆರಿಸಿ. ಚಪ್ಪಟೆಯಾದ ಡೆಕ್ಕಿನ ಮೇಲೆ ಹೂಳು ಕೂರುವುದರಿಂದ ಅಲ್ಲಿ ಬದುಕು ಕಡಿಮೆ. ಅಂಚು, ಕಟಕಟೆ, ಸರಳು, ತುದಿ, ನೀರಿನ ಸೆಳೆತಕ್ಕೆ ಮುಖ ಕೊಟ್ಟ ಮೂಲೆಗಳಲ್ಲಿ ಹುಡುಕಿ. ಹರಿವು ಹೊತ್ತು ತರುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವವರೆಲ್ಲ ಮನೆ ಮಾಡುವುದು ಅಲ್ಲಿಯೇ. ಒಂದು ಗೇಣು ಆರಿಸಿಕೊಂಡು ಎದುರು ನಿಲ್ಲಿ.

ಮೊದಲ ಎರಡು ನಿಮಿಷ ಏನೂ ಕಾಣದು. ತುಕ್ಕು, ಅದರ ಮೇಲೊಂದು ಕೊಳಕು ಜಮಖಾನೆ. ಕಾಯಿರಿ. ನಿಮ್ಮ ನೆರಳಿಗೆ ಹೆದರಿ ಮುಚ್ಚಿಕೊಂಡ ಬಾರ್ನಕಲ್‌ಗಳು ಒಂದೊಂದಾಗಿ ಬಾಗಿಲು ತೆರೆಯುತ್ತವೆ. ದೋಣಿಯ ಅಡಿಯಿಂದ ಮೀನುಗಾರರು ಕೆರೆದು ಎಸೆಯುವ ಆ ಗಟ್ಟಿ ಗುಳ್ಳೆಗಳೇ ಇವು. ಪ್ರಾಣಿ ತಲೆಯಿಂದ ಕಬ್ಬಿಣಕ್ಕೆ ಅಂಟಿಕೊಂಡು, ಗರಿಯಂಥ ಕಾಲುಗಳನ್ನು ಹೊರಚಾಚಿ, ನೀರನ್ನು ಬಾಚಿ ಬಾಚಿ ಉಣ್ಣುತ್ತದೆ. ಪಕ್ಕದಲ್ಲಿ ಚೀಲದಂಥದೊಂದು ಜೀವಿ ಒಂದು ಬಾಯಿಂದ ನೀರು ಎಳೆದು ಇನ್ನೊಂದರಿಂದ ಬಿಡುತ್ತದೆ. ಬೋಲ್ಟು ಕಳಚಿದ ತೂತಿನಿಂದ ಬೆರಳುದ್ದದ ಮೀನೊಂದು ಮುಖ ಹೊರಹಾಕುತ್ತದೆ. ಐದನೆಯ ನಿಮಿಷಕ್ಕೆ ನೀವು ಹಡಗಿನ ಭಾಗವಾಗಿರುತ್ತೀರಿ. ಆಗ ದೊಡ್ಡವು ಬರುತ್ತವೆ. ಅರಬರ ಹಮೂರ್, ನಮ್ಮ ಮುರು ಮೀನು, ಬಂದು ಬಾಯಿ ತೆರೆದು ನಿಂತಿತು. ನೀಲಿ ಗೆರೆಯ ಪುಟ್ಟ ಮೀನೊಂದು ಅದರ ಬಾಯಿಯೊಳಗೇ ಹೋಗಿ ಕಿವಿರು, ಹಲ್ಲು ಎಲ್ಲ ಚೊಕ್ಕಟ ಮಾಡಿ ಹೊರಬಂತು. ಅಕಾಬಾದಲ್ಲಿ ನಾನಿದನ್ನು ಎರಡು ಮೊಳ ದೂರದಿಂದ ನೋಡಿದೆ. ಓಡುವವರಿಗೆ ಮುರು ಕಂಡೀತು. ಅದು ಬಾಯಿ ತೆರೆಯುವುದು ಕಾಣದು.

ಆ ಒಂದು ಗೇಣಿನಲ್ಲಿ ಕಾಲವನ್ನೂ ಓದಬಹುದು. ಹಡಗು ಮುಳುಗಿದ ದಿನದಿಂದಲೇ ಲೋಳೆ ಹಿಡಿಯುತ್ತದೆ. ಕೆಲವೇ ವಾರಗಳಲ್ಲಿ ಬಾರ್ನಕಲ್, ಸುಣ್ಣದ ಕೊಳವೆ ಕಟ್ಟುವ ಹುಳು, ಪಾಚಿಯಂತೆ ಕಾಣುವ ಪ್ರಾಣಿಗಳು ಬರುತ್ತವೆ. 2004ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಳಿ ಮುಳುಗಿಸಿದ ‘ಸಿಲ್ಲಾ’ ಯುದ್ಧನೌಕೆಯನ್ನು ಜೀವವಿಜ್ಞಾನಿಗಳು ವರ್ಷಗಟ್ಟಲೆ ಹಿಂಬಾಲಿಸಿ ದಾಖಲಿಸಿದ್ದು ಈ ಬಗೆಯ ಆಗಮನವನ್ನೇ. ಗಟ್ಟಿ ಹವಳ ಬಲು ನಿಧಾನ. ಅಂಗೈಯಗಲ ಗಟ್ಟಿ ಹವಳ ಕಂಡರೆ ಹಡಗು ಅಲ್ಲಿ ಮಲಗಿ ವರ್ಷಗಳೇ ಕಳೆದಿವೆ ಎಂದು ತಿಳಿಯಿರಿ.

ಮಿಕ್ಕದ್ದು ಬೇಗ ಹೇಳಿಬಿಡುತ್ತೇನೆ. ನೀರು ಮೊದಲು ನುಂಗುವ ಬಣ್ಣ ಕೆಂಪು, ಆದ್ದರಿಂದ ಹಗಲಿನಲ್ಲೂ ಟಾರ್ಚ್ ಬೇಕು. ಮಾಸ್ಕಿನ ಗಾಜಿನೊಳಗಿಂದ ಎಲ್ಲವೂ ದೊಡ್ಡದಾಗಿ, ಹತ್ತಿರ ಕಾಣುತ್ತದೆ. ಮೇಲೆ ಬಂದು ಮೀನಿನ ಅಳತೆ ಹೇಳಬೇಡಿ. ಹಡಗಿನ ಒಳಗೆ ಹೋಗಬೇಡಿ. ಅದಕ್ಕೆ ಬೇರೆಯೇ ತರಬೇತಿಯಿದೆ, ಬಾಗಿಲಲ್ಲಿ ನಿಂತು ಇಣುಕಿದರೆ ಸಾಕು. ಹೊಸಬರ ತರಬೇತಿಯ ಮಿತಿ 18 ಮೀಟರ್, ಅದನ್ನು ದಾಟಬೇಡಿ. ಇಳಿದೆದ್ದು 18 ಗಂಟೆಯಾದರೂ ಕಳೆಯದೆ ವಿಮಾನ ಹತ್ತಬೇಡಿ.

ಜನಪ್ರಿಯ ರುಚಿಯ ಬಗ್ಗೆಯೂ ಹೇಳದೆ ವಿಧಿಯಿಲ್ಲ. ಅದೇ ಅಕಾಬಾದಲ್ಲಿ 2019ರಲ್ಲಿ ಟ್ಯಾಂಕು, ಹೆಲಿಕಾಪ್ಟರುಗಳನ್ನು ಸಾಲಾಗಿ ಮುಳುಗಿಸಿ ನೀರಡಿಯ ಮ್ಯೂಸಿಯಂ ಮಾಡಿದರು. ಈಗ ಜನ ಅಲ್ಲಿಗೆ ಮುಗಿಬೀಳುತ್ತಾರೆ: ಟ್ಯಾಂಕಿನ ಮೇಲೊಂದು ಫೋಟೋ, ಹೆಲಿಕಾಪ್ಟರಿನ ಪಕ್ಕದಲ್ಲೊಂದು, ಮುಗಿಯಿತು. ನಮ್ಮಲ್ಲೂ ಯಕ್ಷಗಾನದ ‘ದೇವಿಮಹಾತ್ಮೆ’ಗೆ ಬಂದು, ದೊಂದಿಯ ಬೆಳಕಿನಲ್ಲಿ ಮಹಿಷಾಸುರ ಜನರ ನಡುವಿನಿಂದ ಅಬ್ಬರಿಸಿ ಬರುವುದನ್ನು ಮೊಬೈಲಿನಲ್ಲಿ ಹಿಡಿದು ಎದ್ದುಹೋಗುವವರಿದ್ದಾರೆ. ಭಾಗವತರು ಪದವನ್ನು ಎಳೆದು ನಿಲ್ಲಿಸುವ ಹೊತ್ತಿಗೆ ಅವರು ಬೈಕ್ ಹತ್ತಿರುತ್ತಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಂದವರು ಕೇಳುವುದು “ಕಂಬ ನಿಜವಾಗಿ ಸಾವಿರ ಇದೆಯಾ?” ಎಂದು. ಭೈರಾದೇವಿ ಮಂಟಪದ ಬುಡದಲ್ಲಿ, ಮೊಣಕಾಲೂರಿ ಕೂತರೆ ಕಾಣುವ ಕಡೆ, ಜಿರಾಫೆಯೊಂದನ್ನೂ ಚೀನಾದ ಡ್ರ್ಯಾಗನ್ ಒಂದನ್ನೂ ಕೆತ್ತಿದ್ದಾರೆ. ಗುಡ್ಡಗಳ ನಡುವಿನ ಊರಿಗೆ ಜಿರಾಫೆ ಬಂದದ್ದು ಕಡಲಿನಿಂದ, ಹಡಗು ಹತ್ತಿ ತಿರುಗಿದವರ ಮಾತಿನಿಂದಲೇ ಇರಬೇಕು. ಕಂಬ ಎಣಿಸುವವನಿಗೆ ಆ ಕಡಲು ಕಾಣಿಸುವುದಿಲ್ಲ.

ಈಗ, ಎಲ್ಲಿಗೆ ಹೋಗುವುದು? ನಮ್ಮ ನೌಕಾಪಡೆಯ ‘ಗುಲ್ದಾರ್’ ಎಂಬ ಹಡಗು, ದಡಕ್ಕೆ ಟ್ಯಾಂಕು ಇಳಿಸುವ ಬಗೆಯದ್ದು, 2024ರ ಜನವರಿಯಲ್ಲಿ ನಿವೃತ್ತಿಯಾಯಿತು. 2025ರ ಫೆಬ್ರುವರಿಯಲ್ಲಿ ನಮ್ಮ ಕಾರವಾರದ ನೌಕಾನೆಲೆಯಲ್ಲೇ ಅದನ್ನು ಮಹಾರಾಷ್ಟ್ರದ ಪ್ರವಾಸೋದ್ಯಮದವರಿಗೆ ಒಪ್ಪಿಸಿದರು, ಸಿಂಧುದುರ್ಗದ ನಿವತಿ ಬಂಡೆಗಳ ಬಳಿ ಮುಳುಗಿಸಿ ನೀರಡಿಯ ಆಕರ್ಷಣೆ ಮಾಡಲೆಂದು. ಅದು ನೌಕಾಪಡೆ ಸೇರಿದ್ದು 1985ರ ಕೊನೆಯಲ್ಲಿ. ‘ಸೀಡರ್ ಪ್ರೈಡ್’ ಮುಳುಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ಗುಲ್ದಾರ್ ಹೊಸದಾಗಿ ಮುಳುಗಿದಾಗಲೇ ಹೋಗಿ “ಏನೂ ಇಲ್ಲ, ಬರೀ ಕಬ್ಬಿಣ” ಎಂದು ಹಿಂದಿರುಗಬೇಡಿ. ಮೊದಲ ವರ್ಷ ಒಂದು ಗೇಣು ಗುರುತು ಮಾಡಿ ಬನ್ನಿ. ಮುಂದಿನ ವರ್ಷ ಅದೇ ಗೇಣಿಗೆ ಹೋಗಿ. ಈ ಭಾಗ್ಯ ಹಳೆಯ ಹಡಗಿಗೆ ಹೋಗುವವರಿಗಿಲ್ಲ.

ಅಲ್ಲಿಗೆ ಹೋಗುವವರೆಗೆ ನೇತ್ರಾಣಿಯಲ್ಲಿ ನಿಲ್ಲುವುದನ್ನು ಕಲಿಯಿರಿ. ಮೂಡುಬಿದಿರೆಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಸ್ಕೂಬಾ ಕಲಿತು ಅಲ್ಲಿಗೆ ಹೋಗಿಬಂದಳು. “ಎಲ್ಲಿ ನಿಂತೆ?” ಎಂದು ಕೇಳಿದೆ.

“ಬಂಡೆಯ ಬಿರುಕಿನ ಎದುರು, ಮಾವ. ಒಳಗೊಂದು ಹಾವುಮೀನಿತ್ತು. ನಾನು ಉಸಿರು ಬಿಟ್ಟಾಗಲೆಲ್ಲ ಗುಳ್ಳೆಗೆ ಹೆದರಿ ಒಳಗೆ ಹೋಗ್ತಿತ್ತು. ಆಮೇಲೆ ನಿಧಾನ ಬಿಡ್ಲಿಕ್ಕೆ ಶುರು ಮಾಡಿದೆ. ಕೊನೆಗೆ ಅದು ಹೋಗ್ಲೇ ಇಲ್ಲ.”

“ಫೋಟೋ?”

“ಕ್ಯಾಮೆರಾ ಇತ್ತು. ಕೈ ಎತ್ತಿದ್ರೆ ಅದು ಮತ್ತೆ ಒಳಗೆ ಹೋಗ್ತಿತ್ತಲ್ಲ.”

ಗುಲ್ದಾರ್ ನೋಡಲು ಮೊದಲು ಇವಳನ್ನು ಕರೆದೊಯ್ಯುತ್ತೇನೆ.