ಕಿತ್ತಳೆ ಬಾಗಿಲಿನಾಚೆ

2014ರ ಫೆಬ್ರುವರಿಯ ಒಂದು ಸಂಜೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಸಮೀಪದ ಟೈಯಾಬ್‌ನ ಕ್ರಿಕೆಟ್ ಮೈದಾನದಲ್ಲಿ 11 ವರ್ಷದ ಲ್ಯೂಕ್ ಬ್ಯಾಟಿಯನ್ನು ಹೆತ್ತ ಅಪ್ಪನೇ ಕೊಂದ. ಅವನ ಮೇಲೆ ಮೊದಲೇ ವಾರಂಟುಗಳಿದ್ದವು. ಆದರೆ ಪೊಲೀಸರು, ಕೋರ್ಟು, ಮಕ್ಕಳ ರಕ್ಷಣೆಯವರು, ಎಲ್ಲರ ಕೈಯಲ್ಲೂ ಕತೆಯ ಒಂದೊಂದೇ ಹಾಳೆ. ತಾಯಿ ರೋಸಿ ಬ್ಯಾಟಿ ಸುಮ್ಮನೆ ಕೂರಲಿಲ್ಲ. 2015ರಲ್ಲಿ ಅಲ್ಲಿನ ವಿಕ್ಟೋರಿಯಾ ರಾಜ್ಯ ಸರ್ಕಾರ ಕೌಟುಂಬಿಕ ಹಿಂಸೆಯ ವಿಚಾರಣೆಗೆ ರಾಯಲ್ ಕಮಿಷನ್ ಎಂಬ ಉನ್ನತ ಆಯೋಗ ನೇಮಿಸಿತು. ಮರುವರ್ಷ ಅದು ಮಾಡಿದ 227 ಶಿಫಾರಸುಗಳನ್ನೂ ಒಪ್ಪಿದ ಸರ್ಕಾರ 10 ವರ್ಷದ ಯೋಜನೆ ಹಾಕಿಕೊಂಡಿತು. ಹೆಸರು ‘ಕೌಟುಂಬಿಕ ಹಿಂಸೆಗೆ ಕೊನೆ’. ಹೆಸರೇ ತುಸು ದೊಡ್ಡದಾಯಿತು.

ಯೋಜನೆಯಲ್ಲಿ ನನಗೆ ನಿಜಕ್ಕೂ ಮೆಚ್ಚುಗೆಯಾಗಿದ್ದು ಆ ಚದುರಿದ ಹಾಳೆಗಳನ್ನು ಒಟ್ಟು ಹೊಲಿದ ಕೆಲಸ. 2018ರಿಂದ ಇಲಾಖೆಗಳಿಗೆ ಅಪಾಯದ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳಲು ಕಾನೂನಿನ ಬಲ ಸಿಕ್ಕಿತು. ಅದೇ ವರ್ಷ ‘ಆರೆಂಜ್ ಡೋರ್’ ಎಂಬ ನೆರವು ಕೇಂದ್ರಗಳು ಶುರುವಾದವು. ಬೋರ್ಡಿನ ಮೇಲೆ ಹಿಂಸೆ ಎಂಬ ಪದವಿಲ್ಲ, ಬರೀ ಕಿತ್ತಳೆ ಬಾಗಿಲು. ಪೆಟ್ಟು ತಿಂದವಳು ಒಂದೇ ಕತೆಯನ್ನು ನಾಲ್ಕು ಮೇಜಿನ ಮುಂದೆ ನಾಲ್ಕು ಸಲ ಹೇಳಿ ಅಳಬೇಕಿಲ್ಲ ಎನ್ನುವುದೇ ಅದರ ಉದ್ದೇಶ. ಹೊಡೆದವನ ಜೊತೆಗೂ ಅಲ್ಲಿಯವರು ಮಾತಾಡುತ್ತಾರೆ. ಅವನನ್ನು ಬಿಟ್ಟು ಅವಳನ್ನಷ್ಟೇ ಓಡಿಸುತ್ತಾ ಹೋದರೆ ಅವನು ಇನ್ನೊಂದು ಮನೆ ಹುಡುಕಿಕೊಳ್ಳುತ್ತಾನೆ, ಅಷ್ಟೆ. ಆದರೆ ಕೇಂದ್ರ ತೆರೆಯುವ ಆತುರ ಜಾಸ್ತಿಯಾಯಿತು. ಕೇಂದ್ರಗಳು ಇನ್ನೂ ಪೂರ್ತಿ ಫಲ ಕೊಡುತ್ತಿಲ್ಲವೆಂದು 2020ರಲ್ಲಿ ರಾಜ್ಯದ ಲೆಕ್ಕಪರಿಶೋಧಕರೇ ಹೇಳಿದರು.

2023ರ ಜನವರಿಯಲ್ಲಿ ಸರ್ಕಾರ 227ಕ್ಕೆ 227 ಶಿಫಾರಸು ಜಾರಿಯಾಯಿತೆಂದು ಸಾರಿತು. ನನ್ನ ತಕರಾರು ಇಲ್ಲಿದೆ. ಮುಗಿದದ್ದು ಕೆಲಸಗಳ ಪಟ್ಟಿ. 2022–23ರಲ್ಲಿ ಪೊಲೀಸರು ದಾಖಲಿಸಿದ ಕೌಟುಂಬಿಕ ಹಿಂಸೆಯ ಘಟನೆಗಳು ಏರಿ 90 ಸಾವಿರ ದಾಟಿದ್ದವು. ದೂರು ಕೊಡುವ ಧೈರ್ಯ ಹೆಚ್ಚಿರಬಹುದು, ಒಪ್ಪುತ್ತೇನೆ. ಆದರೆ ಹೆಚ್ಚಿದ್ದು ಧೈರ್ಯವೋ ಹೊಡೆತವೋ ಎಂದು ಪಟ್ಟಿಗೆ ಟಿಕ್ ಹಾಕಿ ತಿಳಿಯಲಾಗದು. ಬಾಗಿಲು ದಾಟಿ ಬಂದವಳಿಗೆ ಆ ರಾತ್ರಿ ಮಲಗಲು ಒಂದು ಕೋಣೆ, ಮುಂದೆ ಬಾಡಿಗೆಗೊಂದು ಮನೆ ಸಿಕ್ಕಿತೇ ಎಂಬುದೂ ಅದರಲ್ಲಿ ಕಾಣುವುದಿಲ್ಲ.

ನಮ್ಮವರಿಗೂ ಇದರಲ್ಲಿ ಒಂದು ಎಳೆಯಿದೆ. ಕಮಿಷನ್ ಹೇಳಿದಂತೆ 2018ರ ತಿದ್ದುಪಡಿ ವರದಕ್ಷಿಣೆಯ ಪೀಡನೆಯನ್ನೂ ವಿಕ್ಟೋರಿಯಾದ ಕೌಟುಂಬಿಕ ಹಿಂಸೆಯ ಕಾಯ್ದೆಗೆ ಸೇರಿಸಿತು. ವಿದೇಶಿ ಕಾನೂನೊಂದು ನಮ್ಮ ಮದುವೆಮನೆಯ ಗುಟ್ಟನ್ನು ಇಷ್ಟು ಚೆನ್ನಾಗಿ ಓದಿಕೊಂಡದ್ದು ಅಪರೂಪ. ಆದರೂ ದೇವರು ಕೊಟ್ಟರೂ ಪೂಜಾರಿ ಕೊಡ. ಗಂಡನ ವೀಸಾಕ್ಕೆ ಜೋತುಬಿದ್ದು ಬಂದ ಹುಡುಗಿ ಅಲ್ಲಿ ಉಳಿಯಬಹುದೇ ಎನ್ನುವುದನ್ನು ತೀರ್ಮಾನಿಸುವುದು ಮೆಲ್ಬರ್ನ್‌ನ ರಾಜ್ಯ ಸರ್ಕಾರವಲ್ಲ, ಕ್ಯಾನ್‌ಬೆರಾದ ಕೇಂದ್ರ ಸರ್ಕಾರ. ಅವಳು ಮೊದಲು ಫೋನ್ ಮಾಡುವುದೂ ಕಿತ್ತಳೆ ಬಾಗಿಲಿಗಲ್ಲ, ಮಂಡ್ಯಕ್ಕೋ ಹಾಸನಕ್ಕೋ, ಅಮ್ಮನಿಗೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಮಗಾ’ ಅನ್ನುತ್ತಾಳೆ.