ಉದ್ದವಾದ ಚುಕ್ಕಿ: ಐದು ಸಾಲು, ಅವುಗಳ ವ್ಯಾಖ್ಯಾನ

ಮಳೆಗಾಲ ಕಳೆದು ಸಾಂಗ್ಲಿ, ಮಿರಜ, ಜತ್ತದ ಬಯಲಲ್ಲಿ ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟುವವರಿಗೆಂದು ಈ ಸಾಲುಗಳು.

1. ಮೊದಲು ಒಂದು ಸೆಕೆಂಡಿನ ಚಿತ್ರ.
ಅಷ್ಟರಲ್ಲೂ ಚುಕ್ಕಿ ಉದ್ದವಾಗಿದ್ದರೆ ದೋಷ ಮಸೂರದ ಕಡೆಯದು; ದುಂಡಗಿದ್ದರೆ ಮೌಂಟಿನ ಚಲನೆಯದು. 500 ಮಿ.ಮೀ. ನಾಭಿದೂರ, 3.76 ಮೈಕ್ರಾನ್ ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ಲಿಗೆ ಸಿಗುವುದು ಸುಮಾರು 1.55 ಆರ್ಕ್‌ಸೆಕೆಂಡ್. ಆಕಾಶವೋ ಪ್ರತಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ; ಹಾಗಾಗಿ ಈ ಒಂದು ಸೆಕೆಂಡಿಗೂ ಮೌಂಟ್ ಆಕಾಶದ ಜೊತೆ ತಿರುಗುತ್ತಿರಬೇಕು.

2. ಪೂರ್ವ-ಪಶ್ಚಿಮಕ್ಕೆ ಎಳೆದರೆ ಗೇರ್, ಉತ್ತರ-ದಕ್ಷಿಣಕ್ಕೆ ಎಳೆದರೆ ಅಕ್ಷ.
ವರ್ಮ್ ಗೇರ್ ಪ್ರತಿ ಸುತ್ತಿಗೂ ಅದೇ ತಪ್ಪನ್ನು ಮಾಡುತ್ತದೆ; ಒಂದು ನಕ್ಷತ್ರವನ್ನು ನೋಡುತ್ತ ಮೌಂಟನ್ನು ಸರಿಪಡಿಸುತ್ತಿರುವ ಗೈಡಿಂಗ್ ಅದನ್ನು ತಿದ್ದಬಲ್ಲದು. ಧ್ರುವದತ್ತ ನೋಡಬೇಕಾದ ಮೌಂಟಿನ ಅಕ್ಷ 5 ಆರ್ಕ್‌ಮಿನಿಟ್ ತಪ್ಪಿದ್ದು ಗೈಡಿಂಗೂ ಇಲ್ಲದಿದ್ದರೆ, ಮೇಲಿನ ಅಳತೆಯಲ್ಲಿ ಐದು ನಿಮಿಷದಲ್ಲಿ ಚುಕ್ಕಿ ನಾಲ್ಕು ಪಿಕ್ಸೆಲ್‌ವರೆಗೆ ಜಾರಬಹುದು.

3. ಇಲ್ಲಿ ಧ್ರುವ ತಗ್ಗಿನಲ್ಲಿದೆ.
ಮಿರಜದ ಅಕ್ಷಾಂಶ 16.8 ಡಿಗ್ರಿ, ಧ್ರುವ ದಿಗಂತದಿಂದ ಮೇಲಿರುವುದೂ ಅಷ್ಟೇ. ಊರ ಬೆಳಕು, ಧೂಳು, ಮರದ ತುದಿ, ಎಲ್ಲವೂ ಅಲ್ಲೇ. ಆ ಎತ್ತರದಲ್ಲಿ ವಾತಾವರಣವು ಧ್ರುವನಕ್ಷತ್ರವನ್ನು ಸುಮಾರು 3 ಆರ್ಕ್‌ಮಿನಿಟ್ ಮೇಲೆತ್ತಿ ತೋರಿಸುತ್ತದೆ. ಉತ್ತರದ ದೇಶಗಳನ್ನು ನೆನೆದು ಮಾಡಿದ ಕೆಲವು ಮೌಂಟ್‌ಗಳಲ್ಲಿ, ಅಕ್ಷವನ್ನು ಇಷ್ಟು ಬಗ್ಗಿಸಿದರೆ ಎದುರುತೂಕದ ಸರಳು ಟ್ರೈಪಾಡಿನ ಕಾಲಿಗೆ ತಾಗುತ್ತದೆ. ಉತ್ತರ ಕಾಣದ ಅಂಗಳದಲ್ಲಿ ಡ್ರಿಫ್ಟ್ ವಿಧಾನವೇ ಗತಿ: ದಕ್ಷಿಣದ ಎತ್ತರದಲ್ಲಿರುವ ನಕ್ಷತ್ರವೊಂದು ಉತ್ತರ-ದಕ್ಷಿಣಕ್ಕೆ ಸರಿಯುತ್ತಿದ್ದರೆ ಮೌಂಟನ್ನು ಎಡಬಲಕ್ಕೆ, ಪೂರ್ವದ ನಕ್ಷತ್ರ ಸರಿಯುತ್ತಿದ್ದರೆ ಮೇಲೆಕೆಳಕ್ಕೆ ತಿದ್ದಬೇಕು.

4. ಗೈಡಿಂಗ್ ಗ್ರಾಫ್ ಸಪಾಟು, ಚುಕ್ಕಿ ಮಾತ್ರ ಉದ್ದ.
ಗೈಡರ್ ಸುಳ್ಳು ಹೇಳುತ್ತಿಲ್ಲ. ತನ್ನ ನಕ್ಷತ್ರವನ್ನು ಅದು ಸರಿಯಾಗಿಯೇ ಹಿಡಿದಿದೆ. ಎರಡು ಸಾಧ್ಯತೆಗಳಿವೆ. ಗೈಡ್ ನಕ್ಷತ್ರದಿಂದ ದೂರ ಹೋದಂತೆ ಚುಕ್ಕಿಗಳು ಅದರ ಸುತ್ತ ಕಮಾನಾಗಿ ಬಾಗಿದ್ದರೆ ಚಿತ್ರವೇ ತಿರುಗಿದೆ. ಸಾಲು 3ಕ್ಕೆ ಮರಳಿ ಅಕ್ಷ ಸರಿಪಡಿಸಬೇಕು. ಫ್ರೇಮಿನ ತುಂಬ ಒಂದೇ ದಿಕ್ಕಿಗೆ, ಒಂದೇ ಉದ್ದಕ್ಕೆ ಎಳೆದಿದ್ದರೆ ಗೈಡ್ ದೂರದರ್ಶಕ ಮುಖ್ಯ ಕೊಳವೆಯಿಂದ ಬೇರೆಯಾಗಿ ಬಗ್ಗುತ್ತಿದೆ. ಕ್ಲ್ಯಾಂಪ್ ಬಿಗಿಮಾಡಿ, ನೇತಾಡುವ ಕೇಬಲ್ ಕಟ್ಟಿ. ಒಂದೇ ಕೊಳವೆಯ ಬೆಳಕಿನಿಂದ ಗೈಡ್ ಮಾಡುವ ಆಫ್-ಆಕ್ಸಿಸ್ ಗೈಡರ್ ಇದ್ದರೆ ಈ ತೊಂದರೆ ಬಹುಮಟ್ಟಿಗೆ ಇರದು.

5. ಮೂಲೆಯ ದೂರನ್ನು ಮೌಂಟಿಗೆ ಹಾಕಬೇಡಿ.
ನಡುವೆ ದುಂಡಗಿದ್ದು ನಾಲ್ಕೂ ಮೂಲೆ ಕೆಟ್ಟಿದ್ದರೆ, ಅಂಚಿನವರೆಗೂ ಚಿತ್ರವನ್ನು ಸಮವಾಗಿಸುವ ಮಸೂರವಾದ ಫ್ಲ್ಯಾಟ್‌ನರ್‌ನಿಂದ ಸೆನ್ಸರಿಗಿರುವ ಅಂತರ ತಪ್ಪಿದೆ. ಹಲವು ಫ್ಲ್ಯಾಟ್‌ನರ್‌ಗಳಿಗೆ ಅದು 55 ಮಿ.ಮೀ. ಚುಕ್ಕಿಗಳು ನಡುವಿನಿಂದ ಹೊರಚಿಮ್ಮಿದಂತಿದ್ದರೆ ಸಾಮಾನ್ಯವಾಗಿ ಅಂತರ ಕಡಿಮೆ, ನಡುವಿನ ಸುತ್ತ ಬಳೆಯಂತೆ ಬಾಗಿದ್ದರೆ ಹೆಚ್ಚು. ಒಂದೇ ಮೂಲೆ ಕೆಟ್ಟಿದ್ದರೆ ಸೆನ್ಸರ್ ಓರೆಯಾಗಿದೆ. ಮೂಲೆ ಸರಿಪಡಿಸಲೆಂದು ಗೈಡಿಂಗ್ ತೀವ್ರತೆ ಏರಿಸಿದರೆ ಅದು ಗಾಳಿಯ ನಡುಕದ ಬೆನ್ನು ಹತ್ತಿ, ದುಂಡಗಿದ್ದ ನಡುವಿನ ಚುಕ್ಕಿಯನ್ನೂ ಕೆಡಿಸುತ್ತದೆ.